ಕೇಳಿ–ಹೇಳಿ: ರೈಟರ್ ಮೇಜಿನ ಮೇಲೆ ಓಡಬೇಕಾದ ಪ್ರೋಗ್ರಾಂ

ಈ ಸಲ ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯುವವರ ಪತ್ರಗಳೇ ಜಾಸ್ತಿ. ಹೆಚ್ಚಿನವರು ಕಾಲೇಜು ಮಕ್ಕಳು. ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆ ಕಲಿತಿದ್ದಾರೆ. ಅದರ ಜೊತೆಗೇ ಬರುವ ಟಿಕಿಂಟರ್‌ನಲ್ಲಿ ವಿಂಡೋ, ಬಟನ್ ಮಾಡಿಕೊಂಡು ಮನೆಯ ಕಾಫಿ ತೋಟದ ಲೆಕ್ಕ ಬರೆಯಲು ಹೊರಟಿದ್ದಾರೆ. ಗೋಣಿಕೊಪ್ಪದಲ್ಲಿ ಕೂತು 18 ವರ್ಷದಿಂದ ನಾನು ಮಾಡುತ್ತಿರುವ ಕೆಲಸವೂ ಇದೇ. ಹಾಗಾಗಿ ಮೊಬೈಲ್, ಪ್ರಿಂಟರ್ ಪ್ರಶ್ನೆಗಳು ಮುಂದಿನ ತಿಂಗಳಿಗಿರಲಿ. ಇವತ್ತು ಇವಕ್ಕಷ್ಟೇ ಉತ್ತರ.

ನಮ್ಮ ತೋಟದ ಮೂರು ವರ್ಷದ ಕೊಯ್ಲಿನ ಲೆಕ್ಕ ಎಕ್ಸೆಲ್ ಫೈಲ್‌ನಲ್ಲಿದೆ. ಅದನ್ನು ಓದಿ ಒಬ್ಬೊಬ್ಬರು ಎಷ್ಟು ಕೆಜಿ ಕುಯ್ದರು ಅಂತ ತೋರಿಸುವ ಪ್ರೋಗ್ರಾಂ ಬರೆದಿದ್ದೇನೆ. ಬಟನ್ ಒತ್ತಿದ ಸ್ವಲ್ಪ ಹೊತ್ತಿಗೆ ವಿಂಡೋ ಬೆಳ್ಳಗಾಗಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬರುತ್ತದೆ. ಹಾಗೇ ಬಿಟ್ಟರೆ ಕೊನೆಗೆ ಲೆಕ್ಕ ಬರುತ್ತದೆ. ಆದರೆ ಅಪ್ಪ ಕಾಯುವುದಿಲ್ಲ, ಮುಚ್ಚಿಬಿಡುತ್ತಾರೆ. ಎಲ್ಲಿ ತಪ್ಪಿದೆ?
— ಬಿ.ಸಿ.ಎ. ವಿದ್ಯಾರ್ಥಿ, ಪೊನ್ನಂಪೇಟೆ

ನಿಮ್ಮ ಲೆಕ್ಕ ಸರಿಯಾಗಿದೆ. ಆ ಲೆಕ್ಕ ನಡೆಯುತ್ತಿರುವ ಜಾಗ ಸರಿಯಿಲ್ಲ.

ಕೊಯ್ಲಿನ ಸಮಯದಲ್ಲಿ ಸಂಜೆ ತೂಕದ ಹತ್ತಿರ ಹೋಗಿ ನಿಂತು ನೋಡಿ. ಎಲ್ಲರೂ ಹಣ್ಣಿನ ಚೀಲ ಹೊತ್ತು ಸಾಲಾಗಿ ಬರುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರೇ. ತೂಕ ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಮುಂದಿನವರನ್ನು ಕರೆಯುತ್ತಾರೆ. ಅಷ್ಟರಲ್ಲಿ ಯಾರೋ ಬಂದು ‘ಹೋದ ತಿಂಗಳ ನನ್ನ ಲೆಕ್ಕ ನೋಡಿ’ ಅಂದರು, ರೈಟರ್ ಎದ್ದು ಆಫೀಸಿನೊಳಗೆ ಹೋಗಿ ಪುಸ್ತಕ ಹುಡುಕಲು ಕೂತರು ಅಂದುಕೊಳ್ಳಿ. ಇಡೀ ಸಾಲು ನಿಂತುಬಿಡುತ್ತದೆ. ಟಿಕಿಂಟರ್‌ನ ಮೇನ್‌ಲೂಪ್ ಅಂದರೆ ಈ ರೈಟರ್. ಮೌಸ್ ಕ್ಲಿಕ್, ಕೀಲಿ ಒತ್ತಿದ್ದು, ವಿಂಡೋವನ್ನು ಮತ್ತೆ ಬಿಡಿಸುವುದು ಎಲ್ಲವೂ ಇವರ ಮುಂದೆಯೇ ಸಾಲು ನಿಲ್ಲುತ್ತವೆ. ನಿಮ್ಮ ಬಟನ್ ಇವರನ್ನೇ ಫೈಲ್ ಓದಲು ಕಳಿಸಿದೆ. 5 ಸೆಕೆಂಡ್ ಉತ್ತರ ಬರದಿದ್ದರೆ ಈ ವಿಂಡೋ ಸಿಕ್ಕಿಹಾಕಿಕೊಂಡಿದೆ ಅಂತ ವಿಂಡೋಸ್ ತೀರ್ಮಾನ ಮಾಡುತ್ತದೆ.

ಇದಕ್ಕೆ ಮದ್ದು ಥ್ರೆಡ್, ಅಂದರೆ ಅದೇ ಪ್ರೋಗ್ರಾಂ ಒಳಗೆ ಪಕ್ಕದಲ್ಲಿ ಬೇರೆಯಾಗಿ ಓಡುವ ಕೆಲಸದ ಎಳೆ. ಅದನ್ನು ಹಾಕುವ ಮೊದಲು ಒಂದು ಮಾತು. ನೀವು ಕಳಿಸಿದ ಕೋಡ್ ಪೂರ್ತಿ ಓದಿದೆ. 64 ಜನರ ಹೆಸರಿಗೆ 64 ಸಲ ಅದೇ ಫೈಲನ್ನು ತೆರೆಯುತ್ತಿದ್ದೀರಿ. ಫೈಲ್ ತೆರೆಯುವ ಸಾಲನ್ನು ಲೂಪಿನ, ಅಂದರೆ ಮತ್ತೆ ಮತ್ತೆ ಓಡುವ ಭಾಗದ, ಹೊರಗೆ ತನ್ನಿ. ಒಮ್ಮೆ ಓದಿ, ಹೆಸರಿನ ಪ್ರಕಾರ ಡಿಕ್ಷನರಿಯಲ್ಲಿ (ಹೆಸರಿಗೊಂದು ಅಂಕಿ ಇಡುವ ಪೈಥಾನ್ ಪಟ್ಟಿ) ಕೂಡಿಸುತ್ತಾ ಹೋಗಿ. ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತದೆ.

ಆಮೇಲೂ ನಿಧಾನ ಅನ್ನಿಸಿದರೆ ಓದುವ ಕೆಲಸವನ್ನು ಬೇರೆ ಥ್ರೆಡ್‌ಗೆ ಕೊಡಿ. ಆದರೆ ಆ ಥ್ರೆಡ್‌ನಿಂದ ಲೇಬಲ್, ಟೇಬಲ್ ಯಾವುದನ್ನೂ ನೇರವಾಗಿ ಮುಟ್ಟಬೇಡಿ. ವಿಂಡೋದ ಮೇಲಿರುವುದನ್ನೆಲ್ಲ ಮುಖ್ಯ ಥ್ರೆಡ್ ಒಂದೇ ಬದಲಿಸಬೇಕು. ಟಿಕಿಂಟರ್ ಮಾತ್ರ ಅಲ್ಲ, ವಿಂಡೋ ಮಾಡುವ ಬೇರೆ ಸಾಧನಗಳಾದ ಕ್ಯೂಟಿ, ವಿಂಡೋಸ್ ಫಾರ್ಮ್ಸ್‌ನಲ್ಲೂ ಇದೇ ನಿಯಮ. ಓದುವ ಥ್ರೆಡ್ ತನಗೆ ಸಿಕ್ಕಿದ್ದನ್ನು ಒಂದು ಕ್ಯೂನಲ್ಲಿ ಹಾಕಲಿ. ಮುಖ್ಯ ಥ್ರೆಡ್ ಟಿಕಿಂಟರ್‌ನ ‘ಆಫ್ಟರ್’ ಬಳಸಿ 100 ಮಿಲಿಸೆಕೆಂಡಿಗೊಮ್ಮೆ ಆ ಕ್ಯೂ ನೋಡಲಿ. ಕೆಲಸ ಮುಗಿಯುವವರೆಗೆ ಬಟನ್ ಒತ್ತಲು ಆಗದ ಹಾಗೆ ಮಾಡಿ, ಪಕ್ಕದಲ್ಲಿ ‘1,200 ಸಾಲು ಓದಿದೆ’ ಅಂತ ಎಣಿಕೆ ತೋರಿಸಿ. ಅಂಕಿ ಓಡುವುದು ಕಣ್ಣಿಗೆ ಕಂಡರೆ ಅಪ್ಪ ಖಂಡಿತ ಕಾಯುತ್ತಾರೆ.

ತೋಟದ 12 ಬ್ಲಾಕ್‌ಗೆ (ಭಾಗಕ್ಕೆ) 12 ಬಟನ್ ಮಾಡಿದೆ. ಮೊದಲು ವಿಂಡೋ ತೆರೆದ ಕೂಡಲೇ ಎಲ್ಲವೂ ತಾವಾಗಿಯೇ ಓಡಿದವು, ಒತ್ತಿದರೆ ಮಾತ್ರ ಏನೂ ಆಗಲಿಲ್ಲ. ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಹಾಕು ಅಂತ ಗೆಳತಿ ಹೇಳಿದಳು. ಈಗ ಯಾವ ಬಟನ್ ಒತ್ತಿದರೂ 12ನೇ ಬ್ಲಾಕೇ ಬರುತ್ತದೆ.
— ಡಿಪ್ಲೊಮಾ ವಿದ್ಯಾರ್ಥಿನಿ, ಕುಶಾಲನಗರ

ಬಟನ್‌ನ ‘ಕಮಾಂಡ್’ ಜಾಗದಲ್ಲಿ ಫಂಕ್ಷನ್ ಹೆಸರಿನ ಮುಂದೆ ಆವರಣ ಚಿಹ್ನೆ ಹಾಕಿದರೆ ಅದು ಆಗಲೇ ಓಡಿಬಿಡುತ್ತದೆ. ಬಟನ್‌ಗೆ ಸಿಗುವುದು ಅದರ ಫಲ ಮಾತ್ರ. ಹೆಸರನ್ನಷ್ಟೇ ಕೊಡಬೇಕು. ಲ್ಯಾಂಬ್ಡಾ ಹಾಕಿದ್ದು ಸರಿ. ಆದರೆ ಅದು ಬ್ಲಾಕ್ ಸಂಖ್ಯೆಯನ್ನು ಒತ್ತಿದಾಗ ನೋಡುತ್ತದೆ, ಬಟನ್ ಮಾಡುವಾಗ ಅಲ್ಲ. ಅಷ್ಟು ಹೊತ್ತಿಗೆ ಲೂಪ್ ಮುಗಿದು ಸಂಖ್ಯೆ 12ಕ್ಕೆ ಬಂದು ನಿಂತಿರುತ್ತದೆ. ‘ಲ್ಯಾಂಬ್ಡಾ ಬ್ಲಾಕ್=ಬ್ಲಾಕ್’ ಅಂತ ಬರೆದರೆ ಒಂದೊಂದು ಬಟನ್ ತನ್ನ ಸಂಖ್ಯೆಯನ್ನು ಆಗಲೇ ಹಿಡಿದಿಟ್ಟುಕೊಳ್ಳುತ್ತದೆ.

ದಿನದ ಹಾಜರಿಯನ್ನು ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಹಾಕುತ್ತೇನೆ. ಹಾಕಿದ ತಕ್ಷಣ ಪಟ್ಟಿಯಲ್ಲಿ ಕಾಣುತ್ತದೆ. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದರೆ ಒಂದೂ ಇಲ್ಲ! ಎರರ್ ಕೂಡ ಬರುವುದಿಲ್ಲ.
— ಸೋಮವಾರಪೇಟೆಯ ಓದುಗ

ನೀವು ‘ಕಮಿಟ್’, ಅಂದರೆ ಬರೆದದ್ದನ್ನು ಖಾಯಂ, ಮಾಡಿಲ್ಲ. ಪೈಥಾನ್‌ನಲ್ಲಿ ಹೊಸ ಸಾಲು ಸೇರಿಸಿದಾಗ ಅದು ಅರ್ಧ ಮುಗಿದ ವ್ಯವಹಾರದ ಹಾಗೆ ನಿಂತಿರುತ್ತದೆ. ನಿಮ್ಮ ಪ್ರೋಗ್ರಾಂ ಕಣ್ಣಿಗೆ ಮಾತ್ರ ಅದು ಕಾಣುತ್ತದೆ. ಕಮಿಟ್ ಆಗದೆ ಮುಚ್ಚಿದರೆ ಆ ಸಾಲು ಹೋಯಿತು. ಸೇರಿಸುವ ಸಾಲನ್ನು ಕನೆಕ್ಷನ್‌ನ ‘ವಿತ್’ ಒಳಗೆ ಬರೆಯಿರಿ, ತಾನಾಗಿಯೇ ಕಮಿಟ್ ಆಗುತ್ತದೆ.

ಎಲ್ಲವನ್ನೂ ಸೇರಿಸಿಟ್ಟು ಕೊನೆಗೆ ಒಂದೇ ಸಲ ಕಮಿಟ್ ಮಾಡಿದರಾಯಿತು ಅಂತ ನಿಮಗೆ ಅನ್ನಿಸಬಹುದು. ನಾನು ಶುರುವಿನಲ್ಲಿ ಹಾಗೇ ಮಾಡಿದ್ದೆ. ಒಂದು ತೋಟಕ್ಕೆ ಚೆಕ್‌ರೋಲ್ (ಹಾಜರಿ ಪುಸ್ತಕ) ಪ್ರೋಗ್ರಾಂ ಬರೆದುಕೊಟ್ಟಿದ್ದೆ, ವಿಂಡೋ ಮುಚ್ಚುವಾಗ ಸೇವ್ ಆಗುತ್ತಿತ್ತು. ಅಲ್ಲಿನ ರೈಟರ್‌ಗೆ ದಿನಾ ಮುಚ್ಚುವ ಅಭ್ಯಾಸ ಇರಲಿಲ್ಲ. ಜುಲೈ ತಿಂಗಳು, ಗಾಳಿ ಮಳೆ. ತೋಟದ ಸಿಲ್ವರ್ ಓಕ್ ಒಂದು ಲೈನಿನ ಮೇಲೆ ಬಿತ್ತು, ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಮೊದಲೇ ಹಾಳಾಗಿತ್ತು. ಎರಡು ದಿನದ ಹಾಜರಿ ಹೋಯಿತು. ನಾನು ಹೋದಾಗ ರೈಟರ್ ಒಂದು ಮಾತೂ ಬೈಯಲಿಲ್ಲ. ಸೀಮೆಎಣ್ಣೆ ದೀಪ ಹಚ್ಚಿಕೊಂಡು ಹಳೇ ಉದ್ದ ಪುಸ್ತಕ ತೆಗೆದಿದ್ದರು. ಒಬ್ಬೊಬ್ಬರನ್ನೇ ಕರೆದು ‘ಮೊನ್ನೆ ಎಲ್ಲಿ ಕೆಲಸ ಮಾಡಿದೆ?’ ಅಂತ ಕೇಳಿ ಬರೆಯುತ್ತಿದ್ದರು. ಒಬ್ಬ ಹೆಂಗಸು ತಾನು ಬಂದಿದ್ದೆ ಅಂತ ಎಷ್ಟು ಹೇಳಿದರೂ ಜೊತೆಯವರು ಯಾರಿಗೂ ನೆನಪಿರಲಿಲ್ಲ. ಅವರ ಒಂದು ದಿನದ ಕೂಲಿ ನನ್ನ ಕೋಡ್‌ನಿಂದಾಗಿ ಅನುಮಾನಕ್ಕೆ ಬಿತ್ತು. ಅದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಅವತ್ತಿನಿಂದ ಒಂದು ಹೆಸರು, ಒಂದು ಕಮಿಟ್. ಎಸ್‌ಕ್ಯೂಲೈಟ್ ಈ ವಿಷಯದಲ್ಲಿ ನಂಬಿಕೆಗೆ ಯೋಗ್ಯ. ಕಮಿಟ್ ನಡುವೆ ಕರೆಂಟು ಹೋದರೂ ಒಂದೋ ಪೂರ್ತಿ ಉಳಿಯುತ್ತದೆ, ಇಲ್ಲಾ ಪೂರ್ತಿ ಹಿಂದಕ್ಕೆ ಹೋಗುತ್ತದೆ. ಅರ್ಧಂಬರ್ಧ ಆಗುವುದಿಲ್ಲ. ಹಾಗೆ ಕರೆಂಟು ಹೋದಾಗ ಡೇಟಾಬೇಸ್ ಪಕ್ಕದಲ್ಲಿ ಅದೇ ಹೆಸರಿನ, ಕೊನೆಗೆ ‘ಜರ್ನಲ್’ ಅಂತಿರುವ ಇನ್ನೊಂದು ಫೈಲ್ ಕಾಣಬಹುದು. ಕಸ ಅಂದುಕೊಂಡು ಅಳಿಸಬೇಡಿ. ಮುಂದಿನ ಸಲ ತೆರೆದಾಗ ರಿಪೇರಿ ಆಗುವುದು ಅದರಿಂದಲೇ.

ತಾತ 1970ರಿಂದ ಬರೆದಿಟ್ಟ ಮಳೆ ಪುಸ್ತಕವನ್ನು ಕಂಪ್ಯೂಟರ್‌ಗೆ ಹಾಕುತ್ತಿದ್ದೇನೆ. ಅವರು ತಿಂಗಳ ಕೊನೆಯಲ್ಲಿ ಬರೆದ ಮೊತ್ತಕ್ಕೂ ನನ್ನ ಮೊತ್ತಕ್ಕೂ ತಾಳೆಯಾಗುತ್ತಿಲ್ಲ. ಜೊತೆಗೆ ತಾರೀಕಿನ ಪ್ರಕಾರ ಜೋಡಿಸಿದರೆ ಏಪ್ರಿಲ್ 1 ಆದಮೇಲೆ ಮೇ 1 ಬರುತ್ತದೆ.
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ನಾಪೋಕ್ಲು

ಎಂಥಾ ಒಳ್ಳೆಯ ಕೆಲಸ! ನಿಮ್ಮ ಪುಟದ ಫೋಟೋ ದೊಡ್ಡದು ಮಾಡಿ ನೋಡಿದೆ. ತಾತ ‘1-5’ ಅಂತ ಬರೆದಿದ್ದಾರೆ. ನೀವು ಅದನ್ನು 1.5 ಅಂತ ಟೈಪ್ ಮಾಡಿದ್ದೀರಿ. ನಮ್ಮ ತೋಟಗಳ ಮಳೆ ಲೆಕ್ಕ ಇಂಚು–ಸೆಂಟ್‌ನಲ್ಲಿ ಇರುತ್ತದೆ, 100 ಸೆಂಟ್‌ಗೆ ಒಂದು ಇಂಚು. ತಾತ ಬರೆದದ್ದು ಒಂದು ಇಂಚು ಐದು ಸೆಂಟ್, ಅಂದರೆ 1.05. ಒಂದೇ ದಿನಕ್ಕೆ 45 ಸೆಂಟ್ ಮಳೆ ಹೆಚ್ಚಾಯಿತು.

ಇಂಚಿಗೆ ಒಂದು ಬಾಕ್ಸ್, ಸೆಂಟ್‌ಗೆ ಒಂದು ಬಾಕ್ಸ್ ಕೊಡಿ. ಸೆಂಟ್ ಬಾಕ್ಸ್‌ನಲ್ಲಿ 99ಕ್ಕಿಂತ ಹೆಚ್ಚು ಒಪ್ಪಬೇಡಿ. ಒಳಗೆ 105 ಅಂತ ಪೂರ್ಣಾಂಕವಾಗಿ ಇಡಿ, ತೋರಿಸುವಾಗ ಭಾಗಿಸಿ. ಮಿಲಿಮೀಟರ್ ಬೇಕಿದ್ದರೆ ಇಂಚಿಗೆ 25.4ರಂತೆ ಆಗ ಲೆಕ್ಕ ಹಾಕಿ. ದಶಮಾಂಶದಲ್ಲಿ ಇಟ್ಟರೆ ಇನ್ನೊಂದು ತಾಪತ್ರಯ ಇದೆ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಅಂತ ಬರುತ್ತದೆ. ಕಂಪ್ಯೂಟರ್ ದಶಮಾಂಶವನ್ನು ಎರಡರ ಲೆಕ್ಕದಲ್ಲಿ ಇಡುತ್ತದೆ, 0.1 ಅದರಲ್ಲಿ ನಿಖರವಾಗಿ ಕೂರುವುದಿಲ್ಲ. ಕೂಲಿ ಲೆಕ್ಕ ಬರೆಯುವವರೂ ಇದಕ್ಕೇ ಹಣವನ್ನು ಪೈಸೆಯಲ್ಲಿ ಇಡಬೇಕು.

ತಾರೀಕು ಈಗ ನಿಮ್ಮಲ್ಲಿ ಬರೀ ಅಕ್ಷರ. ‘01-04’ ಆದಮೇಲೆ ‘01-05’ ಬರುವುದು ಅಕ್ಷರದ ಲೆಕ್ಕದಲ್ಲಿ ಸರಿಯೇ. ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲಿ 1974-06-14 ಅಂತ ಇಡಿ. ತೋರಿಸುವಾಗ ತಾತನಿಗೆ ಅಭ್ಯಾಸವಿರುವ ಹಾಗೆ ತಿರುಗಿಸಿ.

ಕನ್ನಡ ಹೆಸರುಗಳನ್ನು ಫೈಲ್‌ಗೆ ಬರೆಯಲು ಹೋದರೆ ‘ಚಾರ್‌ಮ್ಯಾಪ್’ ಎರರ್. ಹೇಗೋ ಬರೆದ ಮೇಲೂ ಎಕ್ಸೆಲ್‌ನಲ್ಲಿ ವಿಚಿತ್ರ ಅಕ್ಷರಗಳು ಕಾಣುತ್ತವೆ.
— ಓದುಗ, ವಿರಾಜಪೇಟೆ

ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಅಂಕಿಯಾಗಿ ಬರೆದಿಡುವ ರೀತಿ) ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ವಿಂಡೋಸ್‌ನಲ್ಲಿ ನಿಮ್ಮ ಪೈಥಾನ್ ಹಳೇ ಕೋಡ್ ಪೇಜ್, ಅಂದರೆ ಹಳೇ ಅಕ್ಷರಪಟ್ಟಿ, ಹಿಡಿಯುತ್ತದೆ, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಎಕ್ಸೆಲ್‌ನಲ್ಲಿ ತೆರೆಯುವ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಆದರೆ ‘ಯುಟಿಎಫ್-8-ಸಿಗ್’ ಅಂತ ಕೊಡಿ. ಫೈಲಿನ ಶುರುವಿನಲ್ಲಿ ಒಂದು ಗುರುತು ಬೀಳುತ್ತದೆ, ಎಕ್ಸೆಲ್ ಅದನ್ನು ನೋಡಿ ಸರಿಯಾಗಿ ಓದುತ್ತದೆ.

ನಿಮ್ಮ ಕೋಡ್‌ನಲ್ಲಿ ಹೆಸರಿಗೆ 10 ಅಕ್ಷರದ ಮಿತಿ ನೋಡಿದೆ. ದಯವಿಟ್ಟು ತೆಗೆಯಿರಿ. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಪೈಥಾನ್ ಎಣಿಸಿದರೆ 7. ಒತ್ತು, ಗುಣಿತ ಎಲ್ಲಕ್ಕೂ ಅದು ಬೇರೆ ಬೇರೆ ಲೆಕ್ಕ ಹಿಡಿಯುತ್ತದೆ. 10ಕ್ಕೆ ಕತ್ತರಿಸಿದರೆ ಯಾರದೋ ಹೆಸರು ಒತ್ತಕ್ಷರದ ನಡುವೆ ತುಂಡಾಗುತ್ತದೆ. ಮನೆತನದ ಹೆಸರೂ ಸೇರಿಸಿ ಬರೆಯುವ ನಮ್ಮ ಊರಿನಲ್ಲಿ ಯಾರಿಗೂ ಇದು ಹಿಡಿಸುವುದಿಲ್ಲ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಸರಿ. ಪೈಥಾನ್ ಇಲ್ಲದ ಕಂಪ್ಯೂಟರ್‌ನಲ್ಲೂ ಓಡುವ ಹಾಗೆ ಪ್ರೋಗ್ರಾಂ ಕಟ್ಟಿಕೊಡುವ ಪೈಇನ್‌ಸ್ಟಾಲರ್‌ನಿಂದ ಒಂದೇ ಫೈಲ್ ಮಾಡಿ ಮಾವನ ತೋಟದ ಆಫೀಸಿಗೆ ಕೊಟ್ಟರೆ ದಿನಾ ಬೆಳಿಗ್ಗೆ ಖಾಲಿ ತೆರೆದುಕೊಳ್ಳುತ್ತದೆ. ಸಿದ್ದಾಪುರದ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆಯುವುದೇ ಇಲ್ಲ.
— ಓದುಗ, ಸುಂಟಿಕೊಪ್ಪ

ಒಂದೇ ಫೈಲ್ ಮಾಡಿದಾಗ ಅದು ಓಡುವ ಮೊದಲು ಒಂದು ತಾತ್ಕಾಲಿಕ ಫೋಲ್ಡರ್‌ಗೆ ಬಿಚ್ಚಿಕೊಳ್ಳುತ್ತದೆ, ಮುಚ್ಚಿದಾಗ ಆ ಫೋಲ್ಡರ್ ಅಳಿಸಿಹೋಗುತ್ತದೆ. ‘ಕೋಡ್ ಇರುವ ಜಾಗದಲ್ಲೇ ಡೇಟಾಬೇಸ್ ಇಡು’ ಅಂತ ನೀವು ಬರೆದಿದ್ದೀರಿ. ಹಾಗಾಗಿ ಅದು ಆ ಫೋಲ್ಡರ್‌ನಲ್ಲೇ ಹುಟ್ಟಿ ಅಲ್ಲೇ ಅಳಿದುಹೋಗುತ್ತಿದೆ. ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲೂ ಇಡಬೇಡಿ, ಅಲ್ಲಿ ಬರೆಯಲು ಸಾಮಾನ್ಯ ಲಾಗಿನ್‌ಗೆ ವಿಂಡೋಸ್ ಬಿಡುವುದಿಲ್ಲ. ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರ್ ಒಳಗೆ ನಿಮ್ಮ ಪ್ರೋಗ್ರಾಂ ಹೆಸರಿನ ಫೋಲ್ಡರ್ ಮಾಡಿ ಅಲ್ಲಿಡಿ.

ಸಿದ್ದಾಪುರದ್ದು ವಿಂಡೋಸ್ 7 ಇರಬಹುದು, ವಿಚಾರಿಸಿ. ತೋಟದ ಆಫೀಸುಗಳಲ್ಲಿ ಅವು ಇನ್ನೂ ಇವೆ. ಪೈಥಾನ್ 3.9 ಮತ್ತು ಅದರ ನಂತರದವು ಅದರಲ್ಲಿ ಓಡುವುದಿಲ್ಲ, 3.8 ಕೊನೆಯದು. ಕಂಪ್ಯೂಟರ್ ಬದಲಿಸಲು ಆಗುವುದಾದರೆ ಅದೇ ಒಳ್ಳೆಯದು, ಯಾಕೆಂದರೆ ಆ ವಿಂಡೋಸ್‌ಗೆ ಮೈಕ್ರೋಸಾಫ್ಟ್ ಸುರಕ್ಷತೆಯ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದೆ.

ನಾನು ಪ್ರೋಗ್ರಾಂ ಬರೆಯುವವನಲ್ಲ. 31 ವರ್ಷದಿಂದ ತೋಟದ ರೈಟರ್. ತಂಗಿ ಮಗ ಪ್ರೀತಿಯಿಂದ ಒಂದು ಪ್ರೋಗ್ರಾಂ ಮಾಡಿಕೊಟ್ಟಿದ್ದಾನೆ. ಆದರೆ ಹೆಸರು ಹೊಡೆದು ಟ್ಯಾಬ್ ಒತ್ತಿದರೆ ಕೆಜಿಗೆ ಹೋಗುವ ಬದಲು ಕೆಳಗಿನ ‘ಅಳಿಸು’ ಬಟನ್‌ಗೆ ಹೋಗುತ್ತದೆ. ಪ್ರತಿ ಹೆಸರಿಗೂ ಮೌಸ್ ಹಿಡಿಯಬೇಕು. ಹುಡುಗನಿಗೆ ಬೇಜಾರಾಗುತ್ತದೆ ಅಂತ ಹೇಳಿಲ್ಲ.
— ಮಡಿಕೇರಿ ಹತ್ತಿರದಿಂದ

ದಯವಿಟ್ಟು ಹೇಳಿ. ಅವನಿಗೆ ಇದು ಹತ್ತು ನಿಮಿಷದ ಕೆಲಸ. ಬಾಕ್ಸ್‌ಗಳನ್ನು ಕೋಡ್‌ನಲ್ಲಿ ಯಾವ ಕ್ರಮದಲ್ಲಿ ಹುಟ್ಟಿಸಿದ್ದಾನೋ ಟ್ಯಾಬ್ ಅದೇ ಕ್ರಮದಲ್ಲಿ ಓಡುತ್ತದೆ, ಪರದೆ ಮೇಲೆ ಎಲ್ಲಿವೆ ಅಂತ ನೋಡುವುದಿಲ್ಲ. ಅವನು ಕೆಜಿ ಬಾಕ್ಸನ್ನು ಆಮೇಲೆ ಸೇರಿಸಿದ್ದಾನೆ. ಹೆಸರು, ಕೆಜಿ, ಸೇವ್, ಕೊನೆಗೆ ಅಳಿಸು, ಹೀಗೆ ಸಾಲುಗಳನ್ನು ಮೇಲೆ ಕೆಳಗೆ ಮಾಡಿದರೆ ಸಾಕು. ಕೆಜಿ ಬಾಕ್ಸ್‌ನಲ್ಲಿ ಎಂಟರ್ ಒತ್ತಿದಾಗ ಸೇವ್ ಆಗಿ, ಬಾಕ್ಸ್ ಖಾಲಿಯಾಗಿ, ಕರ್ಸರ್ ಮತ್ತೆ ಹೆಸರಿಗೆ ಬರುವ ಹಾಗೆ ಒಂದು ‘ಬೈಂಡ್’ ಕೂಡ ಹಾಕಲಿ. ‘ಅಳಿಸು’ ಬಟನ್ ಟ್ಯಾಬ್‌ಗೆ ಸಿಗದೇ ಇರುವುದು ಇನ್ನೂ ಒಳ್ಳೆಯದು, ‘ಟೇಕ್‌ಫೋಕಸ್’ ಸೊನ್ನೆ ಮಾಡಿದರೆ ಆಯಿತು.

ಅವನನ್ನು ಒಂದು ಸಂಜೆ ತೂಕದ ಹೊತ್ತಿಗೆ ಕರೆಸಿ ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ. ಏನೂ ವಿವರಿಸಬೇಡಿ, ಸುಮ್ನೆ ನಿಮ್ಮ ಕೆಲಸ ಮಾಡಿ. ಒಂದು ಕೈ ಚೀಟಿಯ ಮೇಲೆ, ಒಂದು ಕೈ ಕೀಬೋರ್ಡ್ ಮೇಲೆ ಇರುವುದನ್ನು ಅವನು ಕಣ್ಣಾರೆ ನೋಡಲಿ. ಅರೇಬಿಕಾ ಕೊಯ್ಲು ಮುಗಿಯುವುದರೊಳಗೆ ಕರೆಸಿದರೆ, ರೋಬಸ್ಟಾ ಶುರುವಾಗುವಷ್ಟರಲ್ಲಿ ನಿಮ್ಮ ಕೈಗೆ ಒಗ್ಗುವ ಪ್ರೋಗ್ರಾಂ ಸಿಕ್ಕಿರುತ್ತದೆ.