ಸಮುದ್ರ ದೂರ ಇರುವವರ ಹಾಡು

ಪ್ರಿಯ ಮಾಸ್ತರರೇ,

ನಿಮ್ಮ ಪತ್ರ ತಲುಪಿತು. ಸಿಟ್ಟಿನಲ್ಲಿ ಬರೆದರೂ ನಿಮ್ಮ ಅಕ್ಷರ ಎಷ್ಟು ದುಂಡಗಿರುತ್ತದೆ! ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಅಂತ ಪತ್ರದ ಸಾರ ಇಲ್ಲಿ ಕೊಡುತ್ತೇನೆ. ಹೋದ ಸಂಚಿಕೆಯ ಸಂಗೀತದ ಪುಟದಲ್ಲಿ ಅಮೆರಿಕದ ಹಾಡುಗಾರ ಜಿಮ್ಮಿ ಬಫೆಟ್‌ನ 1977ರ ಆಲ್ಬಂ ‘ಚೇಂಜಸ್ ಇನ್ ಲ್ಯಾಟಿಟ್ಯೂಡ್ಸ್, ಚೇಂಜಸ್ ಇನ್ ಆಟಿಟ್ಯೂಡ್ಸ್’ ಕೇಳಿ ಅಂತ ನಾವು ಬರೆದಿದ್ದೆವು. ಅಮೆರಿಕದ ಒಹಾಯೋ ರಾಜ್ಯದಲ್ಲಿರುವ ನಿಮ್ಮ ಮಗನ ಕಾರಿನಲ್ಲೂ ಅದೇ ಆಲ್ಬಂ ಅಂತೆ. ಹೊನ್ನಾವರದ ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದ ನಿಮಗೆ ಅದರಲ್ಲಿ ಸಮುದ್ರವೇ ಸಿಗಲಿಲ್ಲ. ‘ಬಲೆ ಇಲ್ಲ, ದೋಣಿ ನೂಕುವವರಿಲ್ಲ, ಒಬ್ಬ ಜಗಲಿಯಲ್ಲಿ ಕೂತು ಕುಡಿಯುತ್ತಾನೆ ಅಷ್ಟೇ. ಈ ಸೋಮಾರಿತನ ಹೊಗಳೋದಕ್ಕೆ ಒಂದು ಪುಟ ಬೇಕಿತ್ತೇ?’ ಅಂತ ಕೇಳಿದ್ದೀರಿ.

ಬೇಕಿತ್ತು. ಈಗ ಇನ್ನೊಂದು ಪುಟ ಖರ್ಚಾಗುತ್ತಿದೆ ನೋಡಿ.

ಮೊದಲು ಒಂದು ಸಣ್ಣ ಮಾತು. ಇವನು ಷೇರುಪೇಟೆಯ ವಾರನ್ ಬಫೆಟ್ ಅಲ್ಲ, ಅವರ ನೆಂಟನೂ ಅಲ್ಲ. ಮಿಸಿಸಿಪ್ಪಿಯಲ್ಲಿ ಹುಟ್ಟಿ, ಅಲಬಾಮಾದ ಮೊಬೈಲ್ ಎಂಬ ಬಂದರು ಊರಿನಲ್ಲಿ ಬೆಳೆದವನು. ಅಜ್ಜ ಹಡಗಿನ ಕ್ಯಾಪ್ಟನ್. ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ಗೆ ಹೋದ, ಬಿಲ್‌ಬೋರ್ಡ್ ಪತ್ರಿಕೆಗೆ ಬರೆದ, 1970ರಲ್ಲಿ ಒಂದು ಆಲ್ಬಂ ಮಾಡಿದ, ಅದನ್ನು ಯಾರೂ ಕೊಳ್ಳಲಿಲ್ಲ. ಮರುವರ್ಷ ಫ್ಲಾರಿಡಾದ ತುತ್ತತುದಿಯ ಕೀ ವೆಸ್ಟ್ ದ್ವೀಪ ಸೇರಿದ. ಅಂದರೆ ಅವನಿಗೆ ಸಮುದ್ರ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅವನ ಕೇಳುಗರಿಗೆ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ ಅಂತ ನನಗೆ ಅನಿಸುತ್ತದೆ. ಈ ಆಲ್ಬಂ ಬಂದದ್ದು 1977ರ ಜನವರಿಯಲ್ಲಿ. ಅಮೆರಿಕದಲ್ಲಿ ಜನವರಿ ಅಂದರೇನು ಅಂತ ನಿಮ್ಮ ಮಗನನ್ನೇ ಕೇಳಿ. ಅದರಲ್ಲೂ ಆ ವರ್ಷ ಚಳಿ ಯಾವ ಪರಿ ಇತ್ತೆಂದರೆ, ಸಿನ್ಸಿನಾಟಿಯಲ್ಲಿ ಒಹಾಯೋ ನದಿಯೇ ಹೆಪ್ಪುಗಟ್ಟಿ ಜನ ಈ ದಡದಿಂದ ಆ ದಡಕ್ಕೆ ನಡೆದೇ ಹೋದರು. ಮಯಾಮಿಯಲ್ಲಿ ಹಿಮ ಉದುರಿತು, ಮಯಾಮಿಯಲ್ಲಿ! ತಿಂಗಳ ಕೊನೆಗೆ ಬಫೆಲೋ ನಗರ ಹಿಮದ ಬಿರುಗಾಳಿಯಲ್ಲಿ ಹೂತೇ ಹೋಯಿತು. ಬೆಳಗ್ಗೆ ಎದ್ದು ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆದು, ಕೈ ಮರಗಟ್ಟಿ, ಫ್ಯಾಕ್ಟರಿಗೋ ಆಫೀಸಿಗೋ ಹೊರಟವನ ರೇಡಿಯೋದಲ್ಲಿ ಇಂಥ ಹಾಡು ಬಂದರೆ, ಅದರಲ್ಲಿ ಬಲೆ ಇದೆಯೋ ಇಲ್ಲವೋ ಅಂತ ಅವನು ಯಾಕೆ ನೋಡುತ್ತಾನೆ? ನಿಮಗೆ ಕಡಲು ಅಂದರೆ ದುಡಿಮೆ. ಅವನಿಗೆ ರಜೆ.

ಇನ್ನೊಂದು ತಮಾಷೆ ಕೇಳಿ. ಅದರ ಅತಿ ಹೆಸರುವಾಸಿ ಹಾಡು ‘ಮಾರ್ಗರಿಟಾವಿಲ್’ ಅನ್ನು ಬಫೆಟ್ ಶುರುಮಾಡಿದ್ದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ, ಸಮುದ್ರವೇ ಕಾಣದ ಊರಿನಲ್ಲಿ. ಮುಗಿಸಿದ್ದು ಕೀ ವೆಸ್ಟ್‌ನಲ್ಲಿ. ಅವನ ಕಟ್ಟಾ ಅಭಿಮಾನಿಗಳನ್ನು ‘ಪ್ಯಾರಟ್‌ಹೆಡ್’ ಅನ್ನುತ್ತಾರಲ್ಲ, ಗಿಳಿ ಟೋಪಿ, ಹೂವಿನ ಅಂಗಿ ಹಾಕಿಕೊಂಡು ಬರುವವರು, ಆ ಹೆಸರು ಹುಟ್ಟಿದ್ದು 1985ರಲ್ಲಿ, ಸಿನ್ಸಿನಾಟಿ ಹತ್ತಿರದ ಒಂದು ಕಾರ್ಯಕ್ರಮದಲ್ಲಿ. ನಿಮ್ಮ ಮಗ ಇರುವ ರಾಜ್ಯವೇ. ಅಲ್ಲಿಂದ ಯಾವ ಕಡಲಿಗೆ ಹೋಗಬೇಕಾದರೂ ಇಡೀ ದಿನ ಕಾರು ಓಡಿಸಬೇಕು.

ಈಗ ನಿಮ್ಮ ಮುಖ್ಯ ತಕರಾರಿಗೆ ಬರೋಣ, ಕುಡಿತ ಮತ್ತು ಸೋಮಾರಿತನ. ನೀವು ‘ಮಾರ್ಗರಿಟಾವಿಲ್’ ಹಾಡನ್ನು ಕೊನೆಯವರೆಗೆ ಕೇಳಿದ್ದೀರಾ? ನಿಜ, ಒಬ್ಬ ಜಗಲಿಯಲ್ಲಿ ಕೂತು ಗಿಟಾರ್ ಮೀಟುತ್ತಾನೆ. ಸಿಗಡಿ ಬೇಯುತ್ತಿದೆ. ಎಣ್ಣೆ ಬಳಿದುಕೊಂಡ ಟೂರಿಸ್ಟರು ಬಿಸಿಲಿಗೆ ಬಿದ್ದಿದ್ದಾರೆ. ಇವನ ಮೈಮೇಲೆ ಹೊಸ ಹಚ್ಚೆ, ಯಾವಾಗ ಹಾಕಿಸಿಕೊಂಡೆ ಅಂತ ನೆನಪೇ ಇಲ್ಲ. ಆಗೆಲ್ಲ ಬಿಯರ್, ಸೋಡಾ ಡಬ್ಬಿಯ ಬಾಯಿಗಿದ್ದ ಲೋಹದ ಉಂಗುರ ಪೂರ್ತಿ ಕಿತ್ತು ಬರುತ್ತಿತ್ತು, ಜನ ಅದನ್ನು ಮರಳಿಗೇ ಎಸೆಯುತ್ತಿದ್ದರು. ಅದರ ಮೇಲೆ ಕಾಲಿಟ್ಟು ಹಿಮ್ಮಡಿ ಕುಯ್ದುಕೊಂಡು, ಕಿತ್ತುಹೋದ ಚಪ್ಪಲಿ ಎಳೆದುಕೊಂಡು ಮನೆಗೆ ಬರುತ್ತಾನೆ. ಇದೆಲ್ಲ ಬರೀ ನಗು ಅಂದುಕೊಂಡರೆ ಪಲ್ಲವಿ ಗಮನಿಸಿ. ಮೂರು ಸಲ ಬರುತ್ತದೆ, ಕೊನೆ ಸಾಲು ಮಾತ್ರ ಬದಲಾಗುತ್ತಾ ಹೋಗುತ್ತದೆ. ಎಲ್ಲದಕ್ಕೂ ಯಾವುದೋ ಹೆಂಗಸು ಕಾರಣ ಅಂತ ಜನ ಹೇಳುತ್ತಾರೆ. ಇವನು ಮೊದಲ ಸಲ, ಯಾರ ತಪ್ಪೂ ಇಲ್ಲ ಅನ್ನುತ್ತಾನೆ. ಎರಡನೇ ಸಲ, ನನ್ನದೂ ಇರಬಹುದೇನೋ ಅನ್ನುತ್ತಾನೆ. ಮೂರನೇ ಸಲ, ತಪ್ಪು ನನ್ನದೇ ಅಂತ ಒಪ್ಪಿಕೊಳ್ಳುತ್ತಾನೆ. ಕುಡಿತದ ಜಾಹೀರಾತು ಹೀಗಿರುತ್ತಾ ಹೇಳಿ? ಆದರೆ ಆ ಮಾತು ಬರುವ ಹೊತ್ತಿಗೂ ರಾಗ ಒಂದಿಷ್ಟೂ ಕುಗ್ಗುವುದಿಲ್ಲ, ಅದೇ ಆರಾಮಿನ ನಡೆ, ಅದಕ್ಕೇ ಕೋಟಿಗಟ್ಟಲೆ ಜನ ಲೋಟ ಎತ್ತಿ ಕೂಗುತ್ತಾ ಹಾಡಿದರೂ ಆ ಸಾಲು ಅವರ ಕಿವಿಗೆ ಬೀಳಲೇ ಇಲ್ಲ.

ಸಂಗೀತವೂ ಮೇಲ್ನೋಟಕ್ಕೆ ಸುಲಭ. ಹೆಚ್ಚುಕಮ್ಮಿ ಮೂರೇ ಕಾರ್ಡ್‌ಗಳು (ಒಟ್ಟಿಗೆ ಮೀಟುವ ಸ್ವರಗಳ ಗುಂಪು), ಗಿಟಾರ್ ಕಲಿಯಲು ಹೊರಟ ಹುಡುಗ ಎರಡನೇ ವಾರಕ್ಕೆ ನುಡಿಸಬಹುದು. ಕಂಟ್ರಿ ಹಾಡಿನ ಕತೆ ಹೇಳುವ ಕ್ರಮಕ್ಕೆ ಮರದ ಪಟ್ಟಿಗಳನ್ನು ಬಡಿದು ನುಡಿಸುವ ಮರಿಂಬಾದ ಟಕಟಕ, ಒಂದು ಕೊಳಲಿನ ಎಳೆ ಸೇರಿದೆ. ಇಡೀ ಆಲ್ಬಂನಲ್ಲಿ ಗ್ರೆಗ್ ಟೇಲರ್ ಅವರ ಹಾರ್ಮೋನಿಕಾ ನನಗೆ ತುಂಬ ಇಷ್ಟ. ಬಫೆಟ್‌ನ ದನಿ ದೊಡ್ಡದಲ್ಲ. ಎದುರುಮನೆಯವರು ಕಟ್ಟೆ ಮೇಲೆ ಕೂತು ಹೇಳಿದ ಹಾಗೆ ಹೇಳಿಕೊಂಡು ಹೋಗುತ್ತಾನೆ. ಎಲ್ಲ ಹಾಡೂ ಚೆನ್ನ ಅಂತ ನಾನು ಹೇಳೋದಿಲ್ಲ. ಮೆಕ್ಸಿಕೋದ ಟ್ಯಾಂಪಿಕೋ ಊರಿನ ಹಾಡು ಸುಮ್ನೆ ಗದ್ದಲ.

ನೀವು ಕೇಳಲೇಬೇಕಾದವು ಬೇರೆ ಎರಡಿವೆ. ಎರಡೂ ಬಫೆಟ್ ಬರೆದದ್ದಲ್ಲ. ‘ಬನಾನಾ ರಿಪಬ್ಲಿಕ್ಸ್’ ಸ್ಟೀವ್ ಗುಡ್‌ಮನ್ ಮತ್ತು ಗೆಳೆಯರದು. ಪ್ರೀತಿಸಿದವರಿಂದ ತಪ್ಪಿಸಿಕೊಂಡು ಓಡಿಹೋದವರು, ತೆರಿಗೆಯವರಿಗೆ ಹೆದರಿ ಓಡಿಹೋದವರು, ಎಲ್ಲ ಸೇರಿ ಬಿಸಿಲಿನ ದೇಶದ ಹೋಟೆಲಿನಲ್ಲಿ ಕೂತಿದ್ದಾರೆ, ಅಲ್ಲಿಯ ಭಾಷೆಯ ಒಂದೆರಡು ಮಾತು ಕಲಿತರೂ ಇವರಿಗೆ ಅಲ್ಲಿಯವರ ಮೇಲೆ ನಂಬಿಕೆಯಿಲ್ಲ, ಅವರಿಗೆ ಇವರ ಮೇಲೂ ಇಲ್ಲ. ಗೋಕರ್ಣದ ಕಡೆ ವರ್ಷಗಟ್ಟಲೆ ಉಳಿದುಬಿಟ್ಟ ಕೆಲವರನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಇನ್ನೊಂದು ‘ಬಿಲಾಕ್ಸಿ’, ಜೆಸ್ಸಿ ವಿಂಚೆಸ್ಟರ್ ಬರೆದದ್ದು. ಬಿಲಾಕ್ಸಿ ಮಿಸಿಸಿಪ್ಪಿಯ ಕಡಲ ತೀರದ ಊರು. ವಿಂಚೆಸ್ಟರ್‌ಗೆ 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಕರೆ ಬಂತು. ಹೋಗಲಿಲ್ಲ, ಕೆನಡಾದ ಮಾಂಟ್ರಿಯಲ್‌ಗೆ ಹೊರಟುಹೋದ. ತಿರುಗಿ ಬಂದರೆ ಜೈಲು. ಆ ಚಳಿಯ ಊರಿನಲ್ಲಿದ್ದುಕೊಂಡೇ ದಕ್ಷಿಣದ ಬೆಚ್ಚನೆಯ ನೀರು, ಅದರಲ್ಲಿ ಆಡುವವರು, ಇಷ್ಟನ್ನೇ ಹಾಡು ಮಾಡಿದ. ದೂರು ಇಲ್ಲ, ರಾಜಕೀಯ ಇಲ್ಲ. ಅಧ್ಯಕ್ಷ ಕಾರ್ಟರ್ ಅಂಥವರನ್ನೆಲ್ಲ ಕ್ಷಮಿಸಿದ್ದು 1977ರ ಜನವರಿ 21ರಂದು, ಈ ಆಲ್ಬಂ ಅಂಗಡಿಗೆ ಬಂದ ತಿಂಗಳೇ. ಅಷ್ಟರಲ್ಲಿ ವಿಂಚೆಸ್ಟರ್ ಕೆನಡಾದ ಪ್ರಜೆಯಾಗಿ ವರ್ಷಗಳಾಗಿದ್ದವು. ಇದು ಗೊತ್ತಾದ ಮೇಲೆ ಆ ಹಾಡನ್ನು ಮತ್ತೊಮ್ಮೆ ಕೇಳಿ. ಮೇಲೆ ಆರಾಮಾಗಿ ಕಾಣುವ ಹಾಡಿನಲ್ಲಿ ಊರು ಬಿಟ್ಟವನ ಸಂಕಟ ಎಷ್ಟಿದೆ ಅಂತ ಗೊತ್ತಾಗುತ್ತದೆ. ನಿಮ್ಮ ಮಗನಿಗೆ ಅದು ಯಾಕೆ ಹಿಡಿಸಿದೆ ಅನ್ನುವುದನ್ನು ನಾನು ಊಹೆ ಮಾಡಬಾರದು. ಮಾಡಿದ್ದೇನೆ, ಕ್ಷಮೆ ಇರಲಿ.

ನೀವು ಗೆಲ್ಲುವ ಜಾಗವೂ ಒಂದಿದೆ. ‘ಮಾರ್ಗರಿಟಾವಿಲ್’ ಆ ವರ್ಷ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಏರಿತು. ಆಮೇಲೆ ಅದೇ ಹೆಸರಿನಲ್ಲಿ ರೆಸ್ಟೋರೆಂಟು, ಹೋಟೆಲು, ಕೊನೆಗೆ 55 ದಾಟಿದವರಿಗೆ ಬಡಾವಣೆಗಳೂ ಬಂದವು. 2023ರಲ್ಲಿ ಫೋರ್ಬ್ಸ್ ಅವನನ್ನು ಬಿಲಿಯನೇರ್ ಅಂತ ಎಣಿಸಿತು. ಅದೇ ಸೆಪ್ಟೆಂಬರ್ 1ರಂದು ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡ, 76 ವರ್ಷ. ಕೈಕಟ್ಟಿ ಕೂತವನ ಹಾಡು ಮಾರಿ ಇಷ್ಟು ದುಡಿದವನು ಇನ್ನೊಬ್ಬನಿಲ್ಲ. ಮತ್ತೆ, ಅವನ ಹಾಡುಗಳಲ್ಲಿ ಕೀ ವೆಸ್ಟ್‌ಗೆ ಬಂದವರು ಸಿಗುವಷ್ಟು ಅಲ್ಲಿಯವರೇ ಸಿಗುವುದಿಲ್ಲ. ಆ ಮಟ್ಟಿಗೆ ನಿಮ್ಮ ಸಿಟ್ಟು ಸರಿಯಾದದ್ದೇ.

ಅದಕ್ಕೇ ಒಂದು ಕೆಲಸ ಹಚ್ಚುತ್ತಿದ್ದೇನೆ. ರಂಪಣಿ ಬಲೆ ಎಳೆಯುವಾಗ ಒಬ್ಬ ಕೂಗಿ, ಉಳಿದವರು ಎತ್ತಿಕೊಳ್ಳುವ ಪದಗಳ ಬಗ್ಗೆ ನಿಮ್ಮ ಪತ್ರದಲ್ಲಿ ನಾಲ್ಕು ಸಾಲು ಬರೆದು ನಿಲ್ಲಿಸಿಬಿಟ್ಟಿದ್ದೀರಿ. ಅದನ್ನು ಪೂರ್ತಿ ಬರೆದು ಕಳಿಸಿ. ಜೂನ್, ಜುಲೈ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಹಿರಿಯರು ಮಾತಿಗೆ ಸಿಗುತ್ತಾರೆ. ಯಾರು ಕೂಗುತ್ತಿದ್ದರು, ಯಾವ ಪದಕ್ಕೆ ಹಗ್ಗ ಜಗ್ಗುತ್ತಿದ್ದರು, ಮೀನು ಸಿಗದ ದಿನ ಏನು ಹೇಳುತ್ತಿದ್ದರು, ಎಲ್ಲ ಬೇಕು. ಆಗಸ್ಟ್ ಸಂಚಿಕೆಯಲ್ಲಿ ಮೂರು ಪುಟ ಖಾಲಿ ಇಟ್ಟಿದ್ದೇನೆ. ಜಾಸ್ತಿ ಆದರೆ ನಾಲ್ಕು ಮಾಡೋಣ.

ನಿಮ್ಮ,
ಸಂಪಾದಕ