ಸೆಂಟ್ರಿಯೋಲ್ ಸೀಳಿ ಎರಡಾಗುತ್ತಾ?

ಪ್ರಶ್ನೆ: ಜೀವಕೋಶ ಒಡೆಯೋ ಮುಂಚೆ ಎರಡು ಸೆಂಟ್ರಿಯೋಲ್ ನಾಲ್ಕಾಗುತ್ತೆ ಅಂತ ಪುಸ್ತಕದಲ್ಲಿ ಒಂದೇ ಸಾಲಲ್ಲಿ ಮುಗಿಸಿದ್ದಾರೆ. ಅದು ಸೀಳ್ಕೊಂಡು ಎರಡಾಗುತ್ತಾ? ಒಳಗೆ ಸರಿಯಾಗಿ ಒಂಬತ್ತೇ ಗುಂಪು ಕೊಳವೆ ಇರೋದು ಯಾಕೆ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ತುಮಕೂರು

ಉತ್ತರ: ಸೀಳಲ್ಲ. ಸೆಂಟ್ರಿಯೋಲ್ ಅಂದ್ರೆ ಕೋಶದೊಳಗಿನ ಪುಟ್ಟ ಕೊಳವೆಯಂಥ ರಚನೆ. ಹಳೇದು ಹಾಗೇ ಇರುತ್ತೆ, ಅದರ ಬುಡದ ಪಕ್ಕದಲ್ಲಿ ಲಂಬಕೋನದಲ್ಲಿ ಹೊಸದೊಂದು ಮೊಳೆಯುತ್ತೆ. ಡಿಎನ್‌ಎ ನಕಲಾಗೋಕೆ ಶುರುವಾಗೋ ಹೊತ್ತಿಗೇ ಇದೂ ಶುರು.

ಮೊದಲು ಪಿಎಲ್‌ಕೆ4 ಅನ್ನೋ ಎಂಜೈಮ್ ತಾಯಿ ಸೆಂಟ್ರಿಯೋಲ್ (ಅಂದ್ರೆ ಹಳೇದು) ಸುತ್ತ ಉಂಗುರವಾಗಿ ಕೂರುತ್ತೆ, ಆಮೇಲೆ ಒಂದೇ ಚುಕ್ಕಿಗೆ ಕುಗ್ಗುತ್ತೆ, ಆ ಚುಕ್ಕಿಗೆ ಎಸ್‌ಟಿಐಎಲ್, ಎಸ್‌ಎಎಸ್-6 ಪ್ರೋಟೀನ್‌ಗಳು ಬಂದು ಸೇರ್ಕೊಳ್ತವೆ. ನಿಮ್ಮ ಒಂಬತ್ತಿನ ಉತ್ತರ ಹೆಚ್ಚಾಗಿ ಇರೋದು ಈ ಎಸ್‌ಎಎಸ್-6ನಲ್ಲೇ. ಇದು ಜೋಡಿ ಜೋಡಿಯಾಗಿ ಇರುತ್ತೆ, ಒಂಬತ್ತು ಜೋಡಿ ತಲೆಗೆ ತಲೆ ಕೊಟ್ಟು ಬಾಲ ಹೊರಗೆ ಚಾಚಿದ್ರೆ ಬಂಡಿ ಚಕ್ರದ ಥರ ಒಂಬತ್ತು ಅರೆಗಳು ರೆಡಿ. 2011ರಲ್ಲಿ ಎರಡು ತಂಡಗಳು ಈ ರಚನೆಯನ್ನ ತೋರಿಸಿದವು. ಅರೆಗಳ ತುದಿಗೆ ಮೂರು ಮೂರು ಮೈಕ್ರೋಟ್ಯೂಬ್ಯೂಲ್ (ಪ್ರೋಟೀನಿನ ಸಣ್ಣ ಕೊಳವೆ) ಬೆಳೆದು, ಕೊನೆಗೆ ಸುಮಾರು ಅರ್ಧ ಮೈಕ್ರೋಮೀಟರ್ ಉದ್ದದ ಕೊಳವೆ ಆಗುತ್ತೆ.

ಆದ್ರೆ ನನ್ನನ್ನ ತುಂಬಾ ಕಾಡೋ ಪ್ರಶ್ನೆ ಬೇರೆ, ಒಂದು ತಾಯಿಗೆ ಒಂದೇ ಮರಿ ಯಾಕೆ ಅನ್ನೋದು. ಲ್ಯಾಬ್‌ನಲ್ಲಿ ಪಿಎಲ್‌ಕೆ4 ಜಾಸ್ತಿ ಮಾಡಿದ್ರೆ ತಾಯಿ ಸುತ್ತ ಒಟ್ಟಿಗೇ ಹಲವು ಮರಿ ಹುಟ್ಟುತ್ತವೆ, ಅಂದ್ರೆ ಕಡಿವಾಣ ಇರೋದು ಅಲ್ಲೇ: ಪಿಎಲ್‌ಕೆ4 ತನಗೆ ತಾನೇ ಫಾಸ್ಫೇಟ್ ಅಂಟಿಸ್ಕೊಂಡು ತನ್ನ ನಾಶಕ್ಕೆ ತಾನೇ ಗುರುತು ಹಾಕ್ಕೊಳ್ಳುತ್ತೆ, ಹಾಗಾಗಿ ಅದರ ಪ್ರಮಾಣ ಮಿತಿಯಲ್ಲೇ ಇರುತ್ತೆ. ಜೊತೆಗೆ ಮರಿ ತಾಯಿಗೆ ಅಂಟ್ಕೊಂಡಿರೋವರೆಗೂ ಇನ್ನೊಂದು ಹುಟ್ಟಲ್ಲ. ವಿಭಜನೆಯ ಕೊನೇಲಿ ಸೆಪರೇಸ್ ಇವೆರಡನ್ನ ಬಿಡಿಸೋಕೆ ನೆರವಾಗುತ್ತೆ, ಕ್ರೋಮೋಸೋಮ್ ಜೋಡಿಗಳನ್ನ ಬೇರೆ ಮಾಡೋ ಅದೇ ಎಂಜೈಮ್ ಇದು.

ಈ ಲೆಕ್ಕ ತಪ್ಪಿದ್ರೆ ಕಷ್ಟ. ಜಾಸ್ತಿಯಾದ್ರೆ ಕ್ರೋಮೋಸೋಮ್‌ಗಳು ಸರಿಯಾಗಿ ಹಂಚಿಕೆ ಆಗಲ್ಲ, ಕ್ಯಾನ್ಸರ್‌ಗೂ ಇದಕ್ಕೂ ಸಂಬಂಧ ಇದೆ ಅಂತ ಜರ್ಮನಿಯ ಥಿಯೋಡೋರ್ ಬೊವೇರಿ 1914ರಲ್ಲೇ ಊಹಿಸಿದ್ರು. ಇನ್ನು ಎಸ್‌ಟಿಐಎಲ್ ಜೀನ್ ಕೆಟ್ಟರೆ ಮಗುವಿನ ಮೆದುಳು ಚಿಕ್ಕದಾಗೇ ಉಳಿಯೋ ಮೈಕ್ರೋಸೆಫಾಲಿ ಬರಬಹುದು, ಇದನ್ನ ಭಾರತದ ಕುಟುಂಬಗಳಲ್ಲಿ ಪತ್ತೆ ಹಚ್ಚಿ 2009ರಲ್ಲಿ ಪ್ರಕಟಿಸಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿ ಮತ್ತು ನಿಮ್ಹಾನ್ಸ್‌ನವರು. ನಿಮ್ಮ ಪಾಠದ ಪಕ್ಕದಲ್ಲಿ ಇದನ್ನೂ ಬರೆದಿಟ್ಕೊಳ್ಳಿ, ಪ್ಲೀಸ್.

ಹೂಬಿಡೋ ಗಿಡಗಳಲ್ಲಿ ಸೆಂಟ್ರಿಯೋಲೇ ಇಲ್ಲ, ಆದ್ರೂ ಕೋಶ ಒಡೆಯುತ್ತೆ. 2006ರಲ್ಲಿ ಸೆಂಟ್ರಿಯೋಲ್ ಮಾಡೋಕೆ ಬರದ ಹಣ್ಣುನೊಣಗಳನ್ನ ಬೆಳೆಸಿ ನೋಡಿದ್ರು, ಅವೂ ದೊಡ್ಡವಾದ್ವು, ಆದ್ರೆ ಹೊರಗೆ ಬಂದು ಸ್ವಲ್ಪದರಲ್ಲೇ ಸತ್ತವು. ಯಾಕಂದ್ರೆ ಸಿಲಿಯಾ (ಕೋಶದ ಮೇಲಿನ ಕೂದಲಿನಂಥ ಎಳೆಗಳು) ಬೆಳೆಯೋಕೆ ಸೆಂಟ್ರಿಯೋಲೇ ಬುಡ, ಅದಿಲ್ಲದೆ ಆ ನೊಣಗಳ ಸಂವೇದನೆಯ ನರಕೋಶಗಳು ಕೆಲಸ ಮಾಡಲಿಲ್ಲ.