ಸ್ಟ್ರೋಕ್ ಆದವರಿಗೆ ಬಟ್ಟೆಯ ರೋಬೋ ಸೂಟ್ ನಡೆಯಲು ನೆರವಾಗುತ್ತದಾ?

ನಿಮ್ಮ ತಂದೆಗೆ ಸ್ಟ್ರೋಕ್ ಆಗಿ ಎಡಗಾಲು ಎಳೆಯುತ್ತದೆ, ಕೋಲು ಹಿಡಿದು ನಡೆಯುತ್ತಾರೆ, ವಿಡಿಯೋದಲ್ಲಿ ನೋಡಿದ ರೋಬೋ ಸೂಟ್ ಅವರಿಗೆ ಆಗುತ್ತದಾ ಎಂದು ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ಕೋಲು ಹಿಡಿದಾದರೂ ನಡೆಯುತ್ತಾರೆ ಅಂದಿರಲ್ಲ, ಅದೇ ಇಲ್ಲಿ ಮುಖ್ಯ. ಈ ಸೂಟ್ ಯಾರನ್ನೂ ಎತ್ತಿ ನಿಲ್ಲಿಸುವುದಿಲ್ಲ. ಮೈಭಾರ ಹೊರುವ ಗಟ್ಟಿ ಚೌಕಟ್ಟೇ ಅದರಲ್ಲಿಲ್ಲ. ನಿಲ್ಲುವ ಶಕ್ತಿ ಇರುವವರಿಗೆ ಹೆಜ್ಜೆ ಸರಿಮಾಡುವುದಷ್ಟೇ ಅದರ ಕೆಲಸ.

ಸೊಂಟದ ಬೆಲ್ಟಿನಲ್ಲಿ ಮೋಟರ್, ಬ್ಯಾಟರಿ. ಮೊಣಕಾಲ ಕೆಳಗೆ ಬಿಗಿಯಾಗಿ ಸುತ್ತಿದ ಬಟ್ಟೆಯ ಪಟ್ಟಿ. ಮೋಟರಿನಿಂದ ಸೈಕಲ್ ಬ್ರೇಕ್ ವೈರ್ ಥರದ ಎರಡು ಕೇಬಲ್ ಇಳಿದು ಶೂ ಸೇರುತ್ತವೆ, ಒಂದು ಹಿಂದೆ, ಒಂದು ಮುಂದೆ. ಹೆಜ್ಜೆ ಯಾವ ಹಂತದಲ್ಲಿದೆ ಎಂದು ಸೆನ್ಸರ್ ಗುರುತಿಸುತ್ತದೆ. ಪಾದ ನೆಲವನ್ನು ಒತ್ತಿ ಮುಂದೆ ಹೊರಡುವಾಗ ಹಿಂದಿನ ಕೇಬಲ್ ಹಿಮ್ಮಡಿ ಎತ್ತುತ್ತದೆ. ಕಾಲು ಗಾಳಿಯಲ್ಲಿದ್ದಾಗ ಮುಂದಿನದು ಪಾದದ ತುದಿಯನ್ನು ಮೇಲಕ್ಕೆಳೆಯುತ್ತದೆ. ನಿಮ್ಮ ತಂದೆಯ ಎಡ ಚಪ್ಪಲಿ ತಿರುಗಿಸಿ ನೋಡಿ. ತುದಿ ಮಾತ್ರ ಜಾಸ್ತಿ ಸವೆದಿದ್ದರೆ, ಪಾದ ಎತ್ತುವ ಆ ಕೆಲಸ ಅವರಿಗೆ ಆಗುತ್ತಿಲ್ಲ ಅಂತಲೇ ತಿಳಿಯಬಹುದು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕಾನರ್ ವಾಲ್ಶ್ ತಂಡ ಮೊದಲು ಇಂಥ ಸೂಟ್ ಮಾಡಿದ್ದು ಭಾರ ಹೊತ್ತು ನಡೆಯುವ ಸೈನಿಕರಿಗೆ. ಆಮೇಲೆ ಸ್ಟ್ರೋಕ್ ಆದವರ ಮೇಲೆ ಪ್ರಯೋಗ ಮಾಡಿ, ನಡೆಯಲು ತಗಲುವ ಶಕ್ತಿ ಸುಮಾರು 10% ಕಡಿಮೆಯಾಯಿತು ಎಂದು 2017ರಲ್ಲಿ ಪ್ರಕಟಿಸಿದರು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲೇ ಸುಸ್ತಾಗುವವರಿಗೆ ಇದು ಕಡಿಮೆಯೇನಲ್ಲ. ಅದೇ ವಿದ್ಯೆಯಿಂದ ರೀವಾಕ್ ಕಂಪನಿ ಮಾಡಿದ 'ರೀಸ್ಟೋರ್' ಸೂಟಿಗೆ 2019ರಲ್ಲಿ ಔಷಧ, ವೈದ್ಯಕೀಯ ಉಪಕರಣ ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಆದರೆ ಅದು ಥೆರಪಿ ಕೇಂದ್ರದಲ್ಲಿ, ಥೆರಪಿಸ್ಟ್ ಎದುರಿಗಿದ್ದು ಮಾಡಿಸುವ ಅಭ್ಯಾಸಕ್ಕೆ. ಮನೆಗೆ ತಂದು ತೊಡಿಸುವಂಥದ್ದಲ್ಲ.

ಹಾಗಾಗಿ ಸೂಟ್ ಬರಲಿ ಅಂತ ಸುಮ್ನೆ ಕಾಯಬೇಡಿ, ದಯವಿಟ್ಟು. ಎಎಫ್‌ಒ ಅನ್ನುವ, ಪಾದಕ್ಕೂ ಗಿಣ್ಣಿಗೂ ಆಸರೆಯಾಗಿ ತೊಡಿಸುವ ಪ್ಲಾಸ್ಟಿಕ್ ಪಟ್ಟಿ (ಸ್ಪ್ಲಿಂಟ್) ಇದೆ. ಹಿಂದಿನಿಂದ ತಳ್ಳುವ ಕೆಲಸ ಅದಕ್ಕೆ ಬರುವುದಿಲ್ಲ ನಿಜ, ಆದರೆ ಪಾದ ಜೋಲದಂತೆ ಹಿಡಿಯುತ್ತದೆ. ಫಿಸಿಯೋಥೆರಪಿಸ್ಟ್‌ಗೆ ಕಾಲು ತೋರಿಸಿ, ಅಳತೆ ಕೊಟ್ಟೇ ಮಾಡಿಸಿ. ಅದನ್ನು ಹಾಕಿಕೊಂಡು ದಿನಾ ನಡೆಯಲಿ, ಪಕ್ಕದಲ್ಲಿ ಒಬ್ಬರಿರಲಿ. ಸ್ಟ್ರೋಕ್ ಆದ ಕಾಲಿಗೆ ಎಷ್ಟೋ ಸಲ ನೋವೂ ತಿಳಿಯುವುದಿಲ್ಲ. ಬಿಚ್ಚಿದ ಮೇಲೆ ಹಿಮ್ಮಡಿ, ಗಿಣ್ಣಿನ ಹತ್ತಿರ ಕೆಂಪಾಗಿದೆಯಾ ನೋಡಿ. ಅರ್ಧ ಗಂಟೆಯಾದರೂ ಕೆಂಪು ಮಾಯದಿದ್ದರೆ ಮಾಡಿದವರ ಬಳಿಯೇ ಒಯ್ದು ಸರಿಮಾಡಿಸಿ.